ಕೃತ್ತಿಕೆಯಲ್ಲಿ ಎಷ್ಟು ಚಿಕ್ಕಿ?

ಬ್ಯಾಂಕಿನವನಿಗೂ ಆಕಾಶಕ್ಕೂ ಏನ್ರೀ ಸಂಬಂಧ ಅಂತ ನೀವು ಕೇಳಬಹುದು. ನಮ್ಮ ಬ್ರಾಂಚಿನಲ್ಲೂ ಎಲ್ಲರೂ ಕೇಳುವುದು ಇದನ್ನೇ. ಬಿಕಾಂ ಮುಗಿಸಿ, ಮೂವತ್ತು ವರ್ಷ ಡೆಬಿಟ್ಟು-ಕ್ರೆಡಿಟ್ಟು ಅಂತ ಕಾಲ ಕಳೆದು, ರಿಟೈರ್‌ಮೆಂಟ್ ಹತ್ತಿರ ಬಂದಾಗ ಈ ಮನುಷ್ಯ ಟ್ರೈಪಾಡ್ ಹೆಗಲಿಗೇರಿಸಿಕೊಂಡು ಕತ್ತಲೆ ಹುಡುಕುತ್ತಾ ಹೋಗುತ್ತಾನಲ್ಲ ಎಂದು ಅವರಿಗೆ ಸೋಜಿಗ. ನನ್ನ ಉತ್ತರ ಯಾವಾಗಲೂ ಒಂದೇ. ನಕ್ಷತ್ರಗಳ ಫೋಟೋ ತೆಗೆಯುವುದೆಂದರೆ ಆರ್‌ಡಿ ಕಟ್ಟಿದ ಹಾಗೆ. ಒಂದೊಂದೇ ಕಂತು ನೋಡಿದರೆ ಅದರಲ್ಲಿ ಏನೂ ಇಲ್ಲ. ತಪ್ಪಿಸದೆ ಕಟ್ಟುತ್ತಾ ಹೋದರೆ ಕೊನೆಗೆ ಕೈಗೊಂದು ಮೊತ್ತ ಬರುತ್ತದೆ.

ಇದು ಮಾತಿನ ಚಂದಕ್ಕೆ ಹೇಳಿದ್ದಲ್ಲ, ಲೆಕ್ಕವೇ ಹಾಗಿದೆ. ನಮ್ಮ ಕಣ್ಣು ಬೆಳಕನ್ನು ಸೆಕೆಂಡಿನ ಒಂದು ಸಣ್ಣ ಪಾಲಿನಷ್ಟು ಹೊತ್ತು ಮಾತ್ರ ಕೂಡಿಸುತ್ತದೆ, ಆಮೇಲೆ ಖಾತೆ ಖಾಲಿ ಮಾಡಿ ಮತ್ತೆ ಮೊದಲಿನಿಂದ ಶುರು. ಕ್ಯಾಮೆರಾ ಹಾಗಲ್ಲ, ಬಾಗಿಲು ತೆರೆದಿಟ್ಟಷ್ಟು ಹೊತ್ತು ಜಮಾ ಮಾಡುತ್ತಲೇ ಇರುತ್ತದೆ. ಆದರೆ ಬೆಳಕಿನ ಜೊತೆಗೆ ಕಸವೂ ಬರುತ್ತದೆ. ಕಪ್ಪಗಿರಬೇಕಾದ ಕಡೆ ಉಪ್ಪು ಚೆಲ್ಲಿದ ಹಾಗೆ ಕಾಳು ಕಾಳು ಕಾಣುತ್ತದಲ್ಲ, ಅದನ್ನು ನಾಯ್ಸ್ ಅನ್ನುತ್ತಾರೆ. ಒಂದೇ ಜಾಗದ ನೂರು ಫೋಟೋ ತೆಗೆದು ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆದರೆ, ನಕ್ಷತ್ರ ಪ್ರತಿ ಫೋಟೋದಲ್ಲೂ ಅದೇ ಜಾಗದಲ್ಲಿರುತ್ತದೆ, ಉಳಿಯುತ್ತದೆ. ಕಸ ಪ್ರತಿ ಸಲ ಬೇರೆ ಬೇರೆ ಕಡೆ ಬಿದ್ದಿರುತ್ತದೆ, ಸವೆಯುತ್ತದೆ. ಎಷ್ಟು ಸವೆಯುತ್ತದೆ ಅಂದರೆ ಫೋಟೋಗಳ ಸಂಖ್ಯೆಯ ವರ್ಗಮೂಲದಷ್ಟು. 100 ಫೋಟೋ ಸೇರಿಸಿದರೆ ಚಿತ್ರ 10 ಪಟ್ಟು ಸ್ವಚ್ಛ, 225 ಸೇರಿಸಿದರೆ 15 ಪಟ್ಟು. ಇನ್ನೂ ಎರಡು ಪಟ್ಟು ಸ್ವಚ್ಛ ಬೇಕೆಂದರೆ ನಾಲ್ಕು ಪಟ್ಟು ಫೋಟೋ ಬೇಕು. ಬಡ್ಡಿ ಕಡಿಮೆ, ನಿಜ. ಆದರೆ ಅಸಲು ಮುಳುಗುವುದಿಲ್ಲ!

ನನಗೆ ಈ ಹುಚ್ಚು ಹತ್ತಿದ್ದು 2020ರ ಡಿಸೆಂಬರಿನಲ್ಲಿ. ಆ ತಿಂಗಳ 21ನೇ ತಾರೀಕು ಗುರು ಮತ್ತು ಶನಿ ಆಕಾಶದಲ್ಲಿ ಒಂದಕ್ಕೊಂದು ತೀರ ಹತ್ತಿರ ಬಂದಿದ್ದವು, ಚಂದ್ರನ ಅಗಲದ ಐದನೇ ಒಂದು ಪಾಲಿನಷ್ಟೇ ಅಂತರ. ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಗಚ್ಚಿಯ ಮೇಲೆ ಹೊತ್ತು ಮುಳುಗಿದ ಮೇಲೆ ಎಲ್ಲರೂ ಸೇರಿದ್ದೆವು. ಮಗಳು ಕೆಲಸಕ್ಕೆ ಬೇರೆ ಊರಿಗೆ ಹೋಗುವಾಗ ಬಿಟ್ಟುಹೋಗಿದ್ದ ಡಿಎಸ್‌ಎಲ್‌ಆರ್ ಕ್ಯಾಮೆರಾ ನನ್ನ ಕೈಯಲ್ಲಿತ್ತು. ಅವ್ವ ತೀರಿಕೊಂಡ ಮೇಲೆ ಅಪ್ಪ ನಮ್ಮ ಜೊತೆಯೇ ಇರುತ್ತಿದ್ದರು, ಅವರನ್ನೂ ಕೈಹಿಡಿದು ಮೇಲೆ ಕರೆತಂದಿದ್ದೆ.

ಅಪ್ಪ ಪಡುವಣ ದಿಕ್ಕಿಗೆ ಬಹಳ ಹೊತ್ತು ನೋಡಿದರು. ಆಮೇಲೆ ಅಂದರು, "ನೋಡಿದ್ರ ಹೋಗತೈತಿ, ಬಿಟ್ರ ಬರತೈತಿ."

ನಾವು ನಕ್ಕೆವು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆವು. ಅವರು ನಗಲಿಲ್ಲ. ಮುಂದೆ ಕಣ್ಣಿನ ಡಾಕ್ಟರರು ಪರೀಕ್ಷೆ ಮಾಡಿ ಹೇಳಿದರು, ಮ್ಯಾಕ್ಯುಲರ್ ಡಿಜನರೇಶನ್ ಅಂತ. ವಯಸ್ಸಿಗೆ ಬರುವುದು. ಕಣ್ಣಿನ ಹಿಂಪರದೆಯ ನಡುಭಾಗ ಸವೆಯುತ್ತದೆ. ಯಾವುದನ್ನು ನೆಟ್ಟಗೆ ನೋಡುತ್ತೇವೋ ಅದೇ ಮಸುಕಾಗುತ್ತದೆ, ಸುತ್ತಲಿನದು ಕಾಣುತ್ತಿರುತ್ತದೆ. ಅವರಿಗೆ ಬಂದ ಬಗೆಗೆ ಹೋದ ನೋಟ ಮರಳಿ ಬರುವುದಿಲ್ಲ ಎಂದರು. ಪೇಪರ್ ಓದುವುದು ನಿಂತಿತು. ಎದುರಿಗೆ ಬಂದವರ ಮುಖ ಕಾಣದೆ ದನಿಯಿಂದ ಗುರುತು ಹಿಡಿಯತೊಡಗಿದರು.

ಅಪ್ಪ ರೋಣದ ಕಡೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು. ಸುಗ್ಗಿಯ ದಿನಗಳಲ್ಲಿ ಕಣ ಕಾಯಲಿಕ್ಕೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಜೋಳದ ಕಣಿಕೆಯ ಮೇಲೆ ಕೌದಿ ಹಾಸಿ ಅಂಗಾತ ಮಲಗಿದರೆ ನೆತ್ತಿಯ ಮೇಲೆಯೇ ಕೃತ್ತಿಕೆ. "ಎಷ್ಟು ಚಿಕ್ಕಿ ಕಾಣ್ತಾವೋ ತಮ್ಮಾ?" ಅನ್ನುವರು. ನಮ್ಮ ಕಡೆ ನಕ್ಷತ್ರಕ್ಕೆ ಚಿಕ್ಕಿ ಅನ್ನುವುದು ನಿಮಗೆ ಗೊತ್ತೇ ಇದೆ. ನಾನು ಆರು ಅಂದರೆ, ನಿನ್ನ ಕಣ್ಣು ನೆಟ್ಟಗಿವೆ ಅಂತ ಸಮಾಧಾನ ಅವರಿಗೆ. ಷಣ್ಮುಖನಿಗೆ ಹಾಲೂಡಿಸಿದ ತಾಯಂದಿರು ಆರು ಜನ. ಏಳನೆಯವಳು ಅರುಂಧತಿ, ವಸಿಷ್ಠನನ್ನು ಬಿಟ್ಟು ಬರಲಿಲ್ಲ, ಅವಳು ಸಪ್ತರ್ಷಿ ಮಂಡಲದಲ್ಲಿದ್ದಾಳೆ ಅಂತ ಕಥೆ. ಕಾರ್ತಿಕ ಮಾಸಕ್ಕೆ ಹೆಸರು ಬಂದದ್ದೂ ಕೃತ್ತಿಕೆಯಿಂದಲೇ. ಆ ತಿಂಗಳ ಹುಣ್ಣಿಮೆಯ ಚಂದ್ರ ಅದರ ಆಸುಪಾಸಿನಲ್ಲಿರುತ್ತಾನೆ.

ಹೀಗೆ ಆಕಾಶವನ್ನು ತೋರಿಸಿಕೊಟ್ಟವರಿಗೆ ಈಗ ಆಕಾಶ ಇರಲಿಲ್ಲ. ನಾನು ಕ್ಯಾಮೆರಾ ಹಿಡಿದದ್ದು ಹವ್ಯಾಸಕ್ಕೆ, ಅದನ್ನು ಬಿಡದೆ ಹಿಡಿದುಕೊಂಡದ್ದು ಇದಕ್ಕೆ.

ಇನ್ನು ಶುರು ಮಾಡುವುದು ಹೇಗೆ ಅಂತ ಕೇಳುವವರಿಗೆ ನಾನು ಕಲಿತಷ್ಟು ಹೇಳುತ್ತೇನೆ. ದೊಡ್ಡ ದುರ್ಬೀನು ಬೇಕಿಲ್ಲ. ಯಾವುದಾದರೂ ಹಳೆಯ ಡಿಎಸ್‌ಎಲ್‌ಆರ್, ಅಲುಗಾಡದ ಟ್ರೈಪಾಡ್, 50 ಎಂಎಂ ಲೆನ್ಸ್ ಒಂದು ಇದ್ದರೆ ಸಾಕು. ಆಟೋಫೋಕಸ್ ಕತ್ತಲೆಯಲ್ಲಿ ಕೆಲಸ ಮಾಡುವುದಿಲ್ಲ. ಒಂದು ಹೊಳೆಯುವ ನಕ್ಷತ್ರವನ್ನು, ಲುಬ್ಧಕವೋ ರೋಹಿಣಿಯೋ, ಹಿಂದಿನ ಪರದೆಯಲ್ಲಿ ದೊಡ್ಡದು ಮಾಡಿಕೊಂಡು ಅದು ಚಿಕ್ಕ ಚುಕ್ಕೆಯಾಗುವವರೆಗೆ ಕೈಯಿಂದಲೇ ಲೆನ್ಸ್ ತಿರುಗಿಸಬೇಕು. ಫೋಟೋ ರಾ ಫಾರ್ಮ್ಯಾಟಿನಲ್ಲಿರಬೇಕು. ಜೆಪೆಗ್ ಆದರೆ ಕ್ಯಾಮೆರಾ ತಾನೇ ಅರ್ಧ ಮಾಹಿತಿ ಎಸೆದುಬಿಟ್ಟಿರುತ್ತದೆ.

ಎಷ್ಟು ಹೊತ್ತು ತೆರೆದಿಡಬೇಕು? ಇಲ್ಲಿ ಭೂಮಿ ಅಡ್ಡ ಬರುತ್ತದೆ. ಅದು ಗಂಟೆಗೆ 15 ಡಿಗ್ರಿ ತಿರುಗುತ್ತಲೇ ಇರುವುದರಿಂದ ಹೆಚ್ಚು ಹೊತ್ತು ತೆರೆದಿಟ್ಟರೆ ಚುಕ್ಕೆ ಗೆರೆಯಾಗುತ್ತದೆ. ಇದಕ್ಕೆ 500ರ ನಿಯಮ ಅಂತ ಒಂದು ಅಂದಾಜು ಲೆಕ್ಕವಿದೆ. 500ನ್ನು ಲೆನ್ಸಿನ ಎಂಎಂ ಸಂಖ್ಯೆಯಿಂದ ಭಾಗಿಸುವುದು, ಸಾಮಾನ್ಯ ಡಿಎಸ್‌ಎಲ್‌ಆರ್‌ಗಳಲ್ಲಿ ಸೆನ್ಸರ್ ಚಿಕ್ಕದಾದ್ದರಿಂದ ಬಂದದ್ದನ್ನು ಮತ್ತೆ ಒಂದೂವರೆಯಿಂದ ಭಾಗಿಸುವುದು. 50 ಎಂಎಂ ಲೆನ್ಸಿಗೆ ಆರೂವರೆ ಸೆಕೆಂಡು ಚಿಲ್ಲರೆ ಬರುತ್ತದೆ. ನಾನು 4 ಸೆಕೆಂಡಿಗೇ ನಿಲ್ಲಿಸುತ್ತೇನೆ. ಲೋನ್ ಕೊಡುವಾಗ ಮಾರ್ಜಿನ್ ಇಟ್ಟುಕೊಳ್ಳುವ ಅಭ್ಯಾಸ ಎಲ್ಲಿಗೆ ಹೋಗುತ್ತದೆ ಹೇಳಿ! 4 ಸೆಕೆಂಡಿನ 225 ಫೋಟೋ ಅಂದರೆ 15 ನಿಮಿಷದ ಬೆಳಕು.

ಕೊನೆಯಲ್ಲಿ ಲೆನ್ಸಿಗೆ ಮುಚ್ಚಳ ಹಾಕಿ ಅಷ್ಟೇ ಸೆಕೆಂಡಿನ ಇಪ್ಪತ್ತು ಮೂವತ್ತು ಕಪ್ಪು ಫೋಟೋಗಳನ್ನೂ ತೆಗೆಯಬೇಕು. ನೋಡಿದವರು ತಲೆ ಕೆಟ್ಟಿದೆ ಅನ್ನುತ್ತಾರೆ. ಆದರೆ ಬೆಳಕೇ ಬೀಳದಿದ್ದಾಗಲೂ ಸೆನ್ಸರ್ ತಾನಾಗಿ ಏನೇನು ಸುಳ್ಳು ಎಂಟ್ರಿ ಹಾಕುತ್ತದೆ ಅನ್ನುವುದು ಇವುಗಳಿಂದ ಗೊತ್ತಾಗುತ್ತದೆ, ಅದನ್ನು ಅಸಲು ಫೋಟೋಗಳಿಂದ ಕಳೆಯಬಹುದು. ನಮ್ಮಲ್ಲಿ ಬ್ಯಾಂಕ್ ರಿಕನ್ಸಿಲಿಯೇಶನ್ ಅಂತ ಮಾಡುವುದಿಲ್ಲವೇ, ಅದೇ ಇದು. ಎಲ್ಲವನ್ನೂ ಸೇರಿಸಿ ಕೂರಿಸಲು ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್ ಅನ್ನುವ ಸಾಫ್ಟ್‌ವೇರ್‌ಗಳಿವೆ, ಎರಡೂ ಪುಕ್ಕಟೆ. ಯಾವ ನಕ್ಷತ್ರ ಎಲ್ಲಿದೆ ಅಂತ ನೋಡಿಕೊಳ್ಳಲು ಸ್ಟೆಲೇರಿಯಂ ಇದೆ, ಕಂಪ್ಯೂಟರಿಗೆ ಅದೂ ಪುಕ್ಕಟೆ.

ಇದೆಲ್ಲ ದೊಡ್ಡ ವಿಜ್ಞಾನಿಗಳ ಕೆಲಸ, ನಮಗೆಲ್ಲಿ ಅನ್ನುವವರಿಗೆ ಸ್ವಲ್ಪ ಇತಿಹಾಸ ಹೇಳಬೇಕು. ಮಹಾವ್ಯಾಧ ನಕ್ಷತ್ರಪುಂಜದಲ್ಲಿರುವ ನೀಹಾರಿಕೆಯ ಮೊಟ್ಟಮೊದಲ ಫೋಟೋ ತೆಗೆದದ್ದು ಹೆನ್ರಿ ಡ್ರೇಪರ್, 1880ರ ಸೆಪ್ಟೆಂಬರ್ 30ರಂದು, 51 ನಿಮಿಷದ ಎಕ್ಸ್‌ಪೋಷರ್. ಅವರು ಓದಿದ್ದು ವೈದ್ಯಕೀಯ. 1883ರಲ್ಲಿ ಅದೇ ನೀಹಾರಿಕೆಯ ಇನ್ನೂ ಉತ್ತಮ ಫೋಟೋ ತೆಗೆದು, ಕಣ್ಣಿಗೆ ಕಾಣದ ನಕ್ಷತ್ರಗಳನ್ನೂ ಕ್ಯಾಮೆರಾ ಹಿಡಿಯಬಲ್ಲದು ಅಂತ ತೋರಿಸಿದವರು ಇಂಗ್ಲೆಂಡಿನ ಆಂಡ್ರ್ಯೂ ಕಾಮನ್. ಹೊಟ್ಟೆಪಾಡಿಗೆ ಅವರು ಸ್ಯಾನಿಟರಿ ಎಂಜಿನಿಯರ್, ಅಂದರೆ ಮೋರಿ-ನಳ್ಳಿಗಳ ಎಂಜಿನಿಯರ್! ದೇವಯಾನಿ ಗೆಲಾಕ್ಸಿಯ ಸುರುಳಿ ಆಕಾರವನ್ನು 1888ರಲ್ಲಿ ಫೋಟೋದಲ್ಲಿ ಹಿಡಿದ ಐಸಾಕ್ ರಾಬರ್ಟ್ಸ್ ಮನೆ ಕಟ್ಟಿಸುವ ಧಂಧೆಯವರು. ಡಾಕ್ಟರು, ಎಂಜಿನಿಯರು, ಕಾಂಟ್ರಾಕ್ಟರು. ಒಬ್ಬ ಬ್ಯಾಂಕಿನವನು ಸೇರಿಕೊಂಡರೆ ಏನಾಯಿತು?

ಡೊಂಬಿವಲಿಯ ಗಚ್ಚಿಯಿಂದ ಚಂದ್ರ, ಗುರು, ಶುಕ್ರ ಚೆನ್ನಾಗಿ ಸಿಗುತ್ತವೆ. ಉಳಿದಂತೆ ನಮ್ಮ ಆಕಾಶ ರಾತ್ರಿಯಿಡೀ ಹಾಲು ಹಾಕಿದ ಚಹಾದ ಬಣ್ಣದ್ದು. ಕತ್ತಲೆ ಬೇಕೆಂದರೆ ಕರ್ಜತ್ ಲೋಕಲ್ ಹಿಡಿದು ಬದಲಾಪುರ ದಾಟಿ ವಾಂಗಣಿಯ ಕಡೆ ಹೋಗಬೇಕು. ಮುಂಬಯಿಯ ಖಗೋಳ ಮಂಡಲದವರು ಅಲ್ಲಿ ಬಹಳ ವರ್ಷಗಳಿಂದ ರಾತ್ರಿಯಿಡೀ ಆಕಾಶ ತೋರಿಸುವ ಕಾರ್ಯಕ್ರಮ ನಡೆಸುತ್ತಾ ಬಂದವರು. ಅಲ್ಲೂ ಈಗ ಮುಂಬಯಿಯ ಕಡೆಯ ದಿಗಂತ ಬೆಳ್ಳಗಾಗಿದೆ, ಆದರೂ ನೆತ್ತಿಯ ಮೇಲೆ ತಕ್ಕಮಟ್ಟಿಗೆ ಕಪ್ಪು ಉಳಿದಿದೆ. ಜೂನಿನಿಂದ ಸೆಪ್ಟೆಂಬರ್ ತನಕ ಮಳೆಗಾಲದ ರಜೆ. ನವೆಂಬರಿನಿಂದ ಫೆಬ್ರವರಿ ನಮ್ಮ ಸುಗ್ಗಿ. ಅದರಲ್ಲೂ ಅಮಾವಾಸ್ಯೆಯ ಆಸುಪಾಸು ಮಾತ್ರ, ಯಾಕೆಂದರೆ ಚಂದ್ರನೆದುರು ನೀಹಾರಿಕೆಗಳ ಆಟ ನಡೆಯುವುದಿಲ್ಲ. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಹಾಗಾಗಿ ನನ್ನ ಹೊಸ ವರ್ಷ ಶುರುವಾಗುವುದೇ ಗೋಡೆಯ ಮೇಲಿನ ಕಾಲನಿರ್ಣಯದಲ್ಲಿ ಯಾವ ಅಮಾವಾಸ್ಯೆ ಯಾವ ಶನಿವಾರದ ಹತ್ತಿರ ಬಿದ್ದಿದೆ ಅಂತ ಗುರುತು ಹಾಕುವುದರಿಂದ. "ಅಲ್ರೀ, ಮಂದಿ ಅಮಾಸಿ ರಾತ್ರಿ ಹೊರಗ ಹೋಗಬ್ಯಾಡ್ರಿ ಅಂತಾರ, ನೀವು ಅಮಾಸಿಗೇ ಕಾಯ್ತೀರಲ್ಲ!" ಅಂತ ನನ್ನ ಹೆಂಡತಿ ನಗುತ್ತಾಳೆ. ಆದರೂ ಥರ್ಮಾಸಿನಲ್ಲಿ ಚಹಾ ತುಂಬಿ ಕೊಡುತ್ತಾಳೆ.

50 ಎಂಎಂ ಲೆನ್ಸಿನಲ್ಲಿ ಕೃತ್ತಿಕೆ ಒಂದು ಮೂಲೆಯ ಗೊಂಚಲಿನಷ್ಟೇ ಕಾಣುತ್ತದೆ. ಅಪ್ಪನಿಗೆ ತೋರಿಸಬೇಕಾದರೆ ದೊಡ್ಡದಾಗಿ ಬೇಕು, ಅಂದರೆ ಇನ್ನೂ ದೂರದ ಲೆನ್ಸು ಬೇಕು, ಆಗ ನಕ್ಷತ್ರ ಒಂದೆರಡು ಸೆಕೆಂಡಿಗೇ ಗೆರೆಯಾಗುತ್ತದೆ. ಭೂಮಿಯ ಜೊತೆ ತಿರುಗುವ ಯಂತ್ರಗಳು ಅಂಗಡಿಯಲ್ಲಿ ಸಿಗುತ್ತವೆ, ಬೆಲೆ ಕೇಳಿ ಸುಮ್ಮನಾದೆ. 1975ರಲ್ಲಿ ಸ್ಕಾಟ್ಲೆಂಡಿನ ಜಾರ್ಜ್ ಹೇಗ್ ಎಂಬುವರು ಬಡವರ ಉಪಾಯವೊಂದನ್ನು ಪ್ರಕಟಿಸಿದ್ದರು. ಎರಡು ಹಲಗೆ, ಅವನ್ನು ಜೋಡಿಸಲು ಬಾಗಿಲಿನ ಬಿಜಾಗರಿ, ಮೇಲಿನ ಹಲಗೆಯನ್ನು ನಿಧಾನವಾಗಿ ಎತ್ತಲು ಒಂದು ತಿರುಪು. ಬಿಜಾಗರಿಯನ್ನು ಧ್ರುವ ನಕ್ಷತ್ರದ ಕಡೆಗೆ ಗುರಿಯಿಡಬೇಕು. ಒಂದು ಸುತ್ತಿಗೆ 1 ಮಿಲಿಮೀಟರ್ ಏರುವ ಎಂ6 ತಿರುಪನ್ನು ಬಿಜಾಗರಿಯಿಂದ ಸರಿಯಾಗಿ 22.8 ಸೆಂಟಿಮೀಟರ್ ದೂರದಲ್ಲಿ ಕೂರಿಸಿದರೆ, ನಿಮಿಷಕ್ಕೆ ಒಂದು ಸುತ್ತು ತಿರುಗಿಸುತ್ತಾ ಹೋದರಾಯಿತು, ಮೇಲಿನ ಹಲಗೆ ಆಕಾಶದ ವೇಗದಲ್ಲೇ ತಿರುಗುತ್ತದೆ. ನಮ್ಮ ಗಲ್ಲಿಯ ಬಡಗಿ ಇದನ್ನು ಒಂದು ಮಧ್ಯಾಹ್ನದಲ್ಲಿ ಮಾಡಿಕೊಟ್ಟ. 22.8 ಯಾಕೆ, 23 ಮಾಡೋಣ ಅಂತ ಅವನು, ಒಂದು ಮಿಲಿಮೀಟರನ್ನೂ ಬಿಡುವುದಿಲ್ಲ ಅಂತ ನಾನು. ಕ್ಯಾಶ್ ಟ್ಯಾಲಿ ಮಾಡಿದವನ ಹತ್ತಿರ ಚೌಕಾಸಿ ನಡೆಯುತ್ತದೆಯೇ!

2024ರ ಜನವರಿ 11ಕ್ಕೆ ಎಳ್ಳಮಾವಾಸ್ಯೆ ಬಂತು. ನಮ್ಮ ಉತ್ತರ ಕರ್ನಾಟಕದವರಿಗೆ ಅದರ ವಿಷಯ ಹೇಳಬೇಕಾಗಿಲ್ಲ, ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿ ಅಲ್ಲೇ ಉಣ್ಣುವ ಹಬ್ಬ. ಅಪ್ಪ ಊರಿಗೆ ಹೋಗಬೇಕೆಂದರು. ಕಲ್ಯಾಣದಲ್ಲಿ ಗದಗದ ರೈಲು ಹತ್ತಿದೆವು, ಹಲಗೆ-ತಿರುಪುಗಳು ಸೀಟಿನ ಕೆಳಗೆ ಉಪ್ಪಿನಕಾಯಿ ಡಬ್ಬಿಯ ಪಕ್ಕದಲ್ಲಿ.

ಅವತ್ತು ರಾತ್ರಿ ಊಟ ಮುಗಿಸಿ ಹೊಲಕ್ಕೆ ಮರಳಿ ಹೋದೆವು. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಕಂಬಳಿ ಹೊದಿಸಿದೆ. ಊರಿನಲ್ಲೂ ಈಗ ಎಲ್‌ಇಡಿ ದೀಪಗಳು ಬಂದಿವೆ, ಬಸ್‌ಸ್ಟ್ಯಾಂಡಿನ ಎತ್ತರದ ಕಂಬದ ಬೆಳಕು ಅರ್ಧ ಮೈಲಿ ದೂರಕ್ಕೂ ಕಾಣುತ್ತದೆ. ಆದರೂ ಡೊಂಬಿವಲಿಯಿಂದ ಬಂದವನಿಗೆ ಅದು ಬೇರೆಯೇ ಲೋಕ. ನಾನು ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡು ಧ್ರುವವನ್ನು ಗುರಿ ಹಿಡಿಯುತ್ತಿದ್ದೆ. ಆ ಅಕ್ಷಾಂಶದಲ್ಲಿ ಅದು ನೆಲದಿಂದ ಹದಿನಾರು ಡಿಗ್ರಿಯಷ್ಟೇ ಮೇಲೆ.

ಕತ್ತಲಲ್ಲಿ ಅಪ್ಪ ಕೇಳಿದರು, "ಒಂಬತ್ತು ಆಗಿರಬೇಕಲ್ಲ? ಕೃತ್ತಿಕಾ ನೆತ್ತಿ ಮ್ಯಾಲ ಬಂತೇನು?"

ಗಡಿಯಾರ ನೋಡಿದೆ, ಒಂಬತ್ತಕ್ಕೆ ಐದು ನಿಮಿಷ ಇತ್ತು. ಮೇಲೆ ನೋಡಿದೆ, ನೆತ್ತಿಯ ಮೇಲೇ ಇತ್ತು. "ಬಂದೈತಿ" ಅಂದೆ. ಅವರು ತಲೆಯೆತ್ತಲೇ ಇಲ್ಲ.

135 ಎಂಎಂಗೆ ಲೆನ್ಸ್ ಇಟ್ಟು 20 ಸೆಕೆಂಡಿನ 120 ಫೋಟೋ ತೆಗೆದೆ, ಒಟ್ಟು 40 ನಿಮಿಷದ ಬೆಳಕು. ಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತಾ ಕೈಯಿಂದಲೇ ತಿರುಪು ತಿರುಗಿಸಬೇಕು, ಹದಿನೈದು ನಿಮಿಷಕ್ಕೊಮ್ಮೆ ಅದನ್ನು ಹಿಂದಕ್ಕೆ ಸುತ್ತಿ ಮತ್ತೆ ಗುರಿ ಸರಿಮಾಡಿಕೊಳ್ಳಬೇಕು. ಲೆನ್ಸಿನ ಮೇಲೆ ಇಬ್ಬನಿ ಕೂರದಂತೆ ಅದರ ಸುತ್ತ ಕಾಲುಚೀಲ ಸುತ್ತಿದ್ದೆ. ಅಪ್ಪ ಅಷ್ಟೂ ಹೊತ್ತು ಎಚ್ಚರವಾಗಿಯೇ ಕೂತಿದ್ದರು. ನಡುನಡುವೆ ರೋಹಿಣಿ ಎಲ್ಲಿಗೆ ಬಂತು, ಮೃಗಶಿರ ಎಲ್ಲಿಗೆ ಬಂತು ಅಂತ ವಿಚಾರಿಸುವರು, ಮನೆಯವರ ಕ್ಷೇಮ ಕೇಳಿದ ಹಾಗೆ.

ಡೊಂಬಿವಲಿಗೆ ಬಂದು, ಎಲ್ಲ ಸೇರಿಸಿ, ಟಿವಿಗೆ ಜೋಡಿಸಿದೆ. ಕೃತ್ತಿಕೆಯ ದೊಡ್ಡ ನಕ್ಷತ್ರಗಳು ನೀಲಿ ವಜ್ರದ ಹಾಗೆ, ಅವುಗಳ ಸುತ್ತ ತೆಳ್ಳಗೆ ನೀಲಿ ಮಬ್ಬು. ಅದು ಧೂಳಿನ ಮೋಡ, ನಕ್ಷತ್ರಗಳ ಬೆಳಕು ಬಿದ್ದು ಹೊಳೆಯುವುದು. ಆ ಗುಂಪಿನಲ್ಲಿ ಇರುವ ನಕ್ಷತ್ರಗಳು ಸಾವಿರಕ್ಕೂ ಹೆಚ್ಚು. ದೂರ ಸುಮಾರು 440 ಜ್ಯೋತಿರ್ವರ್ಷ. ಅಂದರೆ ನಮ್ಮ ಹೊಲದಲ್ಲಿ ಕ್ಯಾಮೆರಾಕ್ಕೆ ಬಿದ್ದ ಬೆಳಕು ಅಲ್ಲಿಂದ ಹೊರಟಾಗ, 1565ರ ರಕ್ಕಸಗಿ-ತಂಗಡಗಿ ಯುದ್ಧ ಮುಗಿದು ವಿಜಯನಗರ ಹಾಳಾಗಿ ಇಪ್ಪತ್ತು ವರ್ಷ ಆಗಿತ್ತಷ್ಟೇ.

ಅಪ್ಪ ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡು, ಮುಖ ಬೇರೆ ಕಡೆ ಮಾಡಿ ಓರೆಗಣ್ಣಿನಿಂದ ನೋಡಿದರು. ಈಗ ಅವರು ಎಲ್ಲವನ್ನೂ ನೋಡುವುದು ಹೀಗೆಯೇ. ವಿಚಿತ್ರವೆಂದರೆ ದುರ್ಬೀನಿನಲ್ಲಿ ಮಂದ ನೀಹಾರಿಕೆ ನೋಡುವವರಿಗೂ ಇದನ್ನೇ ಕಲಿಸುತ್ತಾರೆ. ನೋಟದ ನಟ್ಟನಡುವೆ ಮಂದ ಬೆಳಕು ಹಿಡಿಯುವ ಕೋಶಗಳೇ ಇಲ್ಲ, ಅವೆಲ್ಲ ಸುತ್ತ ಇವೆ, ಆದ್ದರಿಂದ ಬೇಕಾದದ್ದರ ಪಕ್ಕಕ್ಕೆ ನೋಡಿ ಅಂತ. ನೋಡಿದರೆ ಹೋಗುತ್ತದೆ, ಬಿಟ್ಟರೆ ಬರುತ್ತದೆ!

ಬಹಳ ಹೊತ್ತಾದ ಮೇಲೆ ಕೇಳಿದರು, "ಇದರಾಗ ನೀ ಹಾಕಿದ್ದು ಎಷ್ಟು?"

"ಹಾಕಿದ್ದು ಅಂದ್ರ?"

"ಟಿವಿಯೊಳಗ ಏನೇನೋ ತೋರಸ್ತಾರಲ್ಲೋ. ಇದರಾಗ ಖರೇ ಇದ್ದದ್ದು ಎಷ್ಟು, ನೀ ಕೂಡಿಸಿದ್ದು ಎಷ್ಟು?"

ಮಾಸ್ತರರ ಪ್ರಶ್ನೆ. ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಯಾವ ಆಡಿಟರೂ ಇಷ್ಟು ನೆಟ್ಟಗೆ ಕೇಳಿರಲಿಲ್ಲ. ಯೋಚಿಸಿಯೇ ಹೇಳಿದೆ. ಮಂದವಾಗಿದ್ದದ್ದನ್ನು ಎತ್ತಿ ತೋರಿಸಿದ್ದೇನೆ, ಬರೀ ಕಣ್ಣಿಗೆ ಕಾಣದ ಬಣ್ಣ ಇಲ್ಲಿ ಕಾಣುತ್ತದೆ, ಯಾಕೆಂದರೆ ಮಂದ ಬೆಳಕಿನಲ್ಲಿ ಯಾರ ಕಣ್ಣಿಗೂ ಬಣ್ಣ ತಿಳಿಯುವುದಿಲ್ಲ. ಆದರೆ ಒಂದು ಚಿಕ್ಕಿಯನ್ನೂ ನಾನು ಹಾಕಿಲ್ಲ, ಇದ್ದ ಒಂದನ್ನೂ ತೆಗೆದಿಲ್ಲ.

"ಹಂಗಾದ್ರ ಛಲೋ," ಅಂದರು.

ಅವತ್ತಿನಿಂದ ಅದೇ ನನ್ನ ನಿಯಮ. ಈಗ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಒಂದು ಗುಂಡಿ ಒತ್ತಿದರೆ ಬೇಕಾದ ಆಕಾಶ ತಯಾರಾಗುತ್ತದೆ, ಆಕಾಶಗಂಗೆಯನ್ನು ಯಾರದೋ ಮನೆಯ ಮೇಲೆ ತಂದು ಅಂಟಿಸಬಹುದು. ಚಂದ ಕಾಣುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಅದು ಲೆಡ್ಜರಿನಲ್ಲಿ ಇಲ್ಲದ ಎಂಟ್ರಿ. ಕಣ್ಣು ಕಾಣದವರು ನಿಮ್ಮ ಮಾತಿನ ಮೇಲೆ ನಂಬಿಕೆಯಿಟ್ಟು ಎಣಿಸುತ್ತಾ ಕೂತಿರುವಾಗ ಅಂಥದ್ದಕ್ಕೆ ಕೈ ಹೋಗುವುದಿಲ್ಲ.

ಟಿವಿಯ ಹೊಳಪಿಗೆ ಅಪ್ಪನ ಕಣ್ಣು ದಣಿಯುತ್ತಿತ್ತು. ಹಿಂದೆ ಖಗೋಳ ವಿಜ್ಞಾನಿಗಳು ಆಕಾಶದ ಫೋಟೋವನ್ನು ನೆಗೆಟಿವ್‌ನಲ್ಲೇ ಓದುತ್ತಿದ್ದರು, ಬಿಳಿಯ ಮೇಲೆ ಕಪ್ಪು ಚುಕ್ಕೆಯಾದರೆ ಮಂದವಾದದ್ದು ಬೇಗ ಕಣ್ಣಿಗೆ ಬೀಳುತ್ತದೆ. ನಾನೂ ಹಾಗೆ ತಿರುಗಿಸಿ ಎ3 ಕಾಗದದ ಮೇಲೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಟ್ಟೆ. ಅದು ಅವರಿಗೆ ಹಿಡಿಸಿತು. ಕಿಟಕಿಯ ಬೆಳಕಿಗೆ ಹಿಡಿದು, ಓರೆಯಾಗಿ ನೋಡುತ್ತಾ, ಬೆರಳು ಇಟ್ಟು ಇಟ್ಟು ಎಣಿಸುತ್ತಾರೆ. ಒಮ್ಮೆ ಹತ್ತೊಂಬತ್ತು, ಒಮ್ಮೆ ಇಪ್ಪತ್ಮೂರು. ನಮ್ಮ ಪಕ್ಕದ ಮನೆಯ ಮರಾಠಿ ಹುಡುಗನಿಗೂ ಆರು ತಾಯಂದಿರ ಕಥೆ ಹೇಳಿ, ಎಣಿಸಲು ಹಚ್ಚಿದ್ದಾರೆ.

ನಿಮ್ಮಲ್ಲೂ ಯಾರ ಮನೆಯ ಅಟ್ಟದ ಮೇಲಾದರೂ ಮಕ್ಕಳು ಬಿಟ್ಟುಹೋದ ಕ್ಯಾಮೆರಾ ಒಂದು ಇದ್ದೇ ಇರುತ್ತದೆ. ಈ ಸಲ ಊರಿಗೆ ಹೋಗುವಾಗ ಅದನ್ನೂ ಚೀಲಕ್ಕೆ ಹಾಕಿಕೊಳ್ಳಿ. ಒಂದು ಟ್ರೈಪಾಡ್, 4 ಸೆಕೆಂಡು, ನೂರು ಫೋಟೋ. ಊರಿನಲ್ಲಿ ಹಿರಿಯರು ಇದ್ದರೆ ಅವರನ್ನೂ ಹೊರಗೆ ಕರೆದು ಕೂರಿಸಿಕೊಳ್ಳಿ, ಯಾವ ಚಿಕ್ಕಿ ಎಲ್ಲಿ ಬರುತ್ತದೆ ಅನ್ನುವುದು ಸ್ಟೆಲೇರಿಯಂಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ದೀಪದ ಕಂಬಗಳು ವರ್ಷವರ್ಷ ಹೆಚ್ಚುತ್ತಿವೆ, ಹೇಳಿಕೊಡುವವರು ವರ್ಷವರ್ಷ ಕಡಿಮೆಯಾಗುತ್ತಿದ್ದಾರೆ. ಈ ಆರ್‌ಡಿಗೆ ಮಾತ್ರ ಮುಂದಿನ ತಿಂಗಳು ಶುರು ಮಾಡೋಣ ಅನ್ನುವುದು ಬೇಡ.